ವಾಡಿಯ ದಾರಿಯಲ್ಲಿ ಬಂದ ಸತ್ಯವೇದ

ಬೊಂಬಾಯಿಯಿಂದ ಹೊರಟ ರೈಲುಮಾರ್ಗವು ಕಲಬುರಗಿ, ಶಹಾಬಾದ, ವಾಡಿಗಳನ್ನು ಹಾದು ಕೃಷ್ಣೆಯನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ನಿಜಾಮ ಸರ್ಕಾರದ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂಗಳ ಮೇಲೆ ತಾಂಡೂರಿಗೂ ಅಲ್ಲಿಂದ ಹೈದರಾಬಾದಿನ ಕಡೆಗೂ ಸಾಗಿತು. ತೊಗರಿ ಜೋಳಗಳ ಎರೆಭೂಮಿಯನ್ನೂ ಫರಸಿಕಲ್ಲಿನ ಗಣಿಗಳನ್ನೂ ಬಿಟ್ಟರೆ ಹೊರಗಿನವರ ಕಣ್ಣಿಗೆ ಬೇರೇನೂ ಕಾಣದಿದ್ದ ಈ ಸೀಮೆ, ಆ ಎರಡು ಹಳಿಗಳು ಕೂಡಿದ ದಿನದಿಂದ ಮೂರು ನಾಲ್ಕು ಭಾಷೆಗಳ ಜನ ಹತ್ತಿ ಇಳಿಯುವ ಸ್ಥಳವಾಯಿತು. ಕಲ್ಲು ಹೋಯಿತು, ಕಾಳು ಹೋಯಿತು, ಕೂಲಿಯನ್ನರಸಿ ಜನ ಹೋದರು. ಬಂದವುಗಳಲ್ಲಿ ಯಂತ್ರಗಳಿದ್ದವು, ಬಟ್ಟೆಯಿತ್ತು, ಜ್ವರಗಳೂ ಇದ್ದವು, ಮತ್ತು ಕಪ್ಪು ರಟ್ಟಿನ ಒಂದು ದಪ್ಪ ಪುಸ್ತಕವಿತ್ತು. ಆ ಪುಸ್ತಕದ ಒಂದು ಭಾಷಾಂತರವನ್ನು ಒಮ್ಮೆ ಹೃದಯಕ್ಕೆ ತೆಗೆದುಕೊಂಡ ಜನ ಇನ್ನೊಂದನ್ನು ಏಕೆ ಒಲ್ಲೆವೆನ್ನುತ್ತಾರೆಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ.

ಆ ಪುಸ್ತಕವನ್ನು ಇಲ್ಲಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು. 1870ರ ದಶಕದಲ್ಲಿ ವಿಲಿಯಂ ಟೇಲರನು ಹಿಂದೂಸ್ಥಾನದ ನಗರಗಳಲ್ಲಿ ಸಂಚರಿಸಿ, ರೈಲ್ವೆ ಕಚೇರಿಗಳ ಆಂಗ್ಲೋ-ಇಂಡಿಯನ್ನರ ನಡುವೆ, ವಿದೇಶದ ಹಣವನ್ನು ನೆಚ್ಚದೆ ತಮ್ಮ ಕಾಲ ಮೇಲೆ ತಾವೇ ನಿಲ್ಲುವ ಸಭೆಗಳನ್ನು ಕಟ್ಟಿದ್ದನು. ಆ ಸಭೆಗಳಿಂದ ಹೊರಟ ಕೆಲಸ ಮುಂದಿನ ದಶಕಗಳಲ್ಲಿ ಹಳಿಯ ಬದಿಯನ್ನು ಬಿಟ್ಟು ಹಳ್ಳಿಗಳ ಕೇರಿಗಳಿಗೆ ಇಳಿದು, ಕಲಬುರಗಿ, ಬೀದರ, ವಿಕಾರಾಬಾದುಗಳ ಸುತ್ತ ಬೇರೂರಿತು. ಅವರ ಮಾತನ್ನು ಕಿವಿಗೊಟ್ಟು ಕೇಳಿದವರು ಬಹುಮಟ್ಟಿಗೆ ಊರ ಬಾವಿಯ ನೀರಿಗೂ ಗುಡಿಯ ಹೊಸ್ತಿಲಿಗೂ ದೂರವಾಗಿದ್ದ ಜನ. ಶಾಸ್ತ್ರವೆಂಬುದು ಅವರ ಕಿವಿಗೆ ಬೀಳಬಾರದ ವಸ್ತುವಾಗಿದ್ದಿತು. ಅವರ ಕೈಗೆ ಒಂದು ಗ್ರಂಥವನ್ನು ಕೊಟ್ಟು, ಇದು ನಿನ್ನದು, ನೀನೇ ಓದು ಎಂದುದು ಎಂಥ ಘಟನೆಯೆಂಬುದನ್ನು, ಗ್ರಂಥಗಳ ನಡುವೆಯೇ ಹುಟ್ಟಿ ಬೆಳೆದವರು ಊಹಿಸಿಕೊಳ್ಳುವುದು ಕಷ್ಟ. ಮುಂದೆ ಹೇಳಲಿರುವುದಕ್ಕೆಲ್ಲ ಇದೇ ತಳಹದಿ.

ಅವರ ಕೈಸೇರಿದ ಕನ್ನಡ ಬೈಬಲ್ಲಿಗೆ ಆ ಹೊತ್ತಿಗಾಗಲೇ ಅರ್ಧ ಶತಮಾನಕ್ಕೂ ಮಿಕ್ಕಿದ ಪೂರ್ವಕಥೆಯಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು, ನೆಚ್ಚಬಹುದಾದ ನಿಘಂಟಾಗಲಿ ವ್ಯಾಕರಣವಾಗಲಿ ಅಚ್ಚಿನಲ್ಲಿ ದೊರೆಯದ ಕಾಲದಲ್ಲಿ, ಮುನ್ಷಿಗಳನ್ನು ಹತ್ತಿರ ಕೂಡಿಸಿಕೊಂಡು ಸುವಾರ್ತೆಗಳನ್ನು ಕನ್ನಡಿಸತೊಡಗಿದನು. ಅದೇ ವೇಳೆಗೆ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಮತ್ತವನ ಸಂಗಡಿಗರು ಹಿಂದೂಸ್ಥಾನದ ಅನೇಕ ಭಾಷೆಗಳ ಜೊತೆಗೆ ಕನ್ನಡಕ್ಕೂ ಕೈಹಾಕಿದ್ದರು. 1812ರ ಮಾರ್ಚಿಯಲ್ಲಿ ಅವರ ಮುದ್ರಣಾಲಯಕ್ಕೆ ಬಿದ್ದ ಬೆಂಕಿಯಲ್ಲಿ ಕನ್ನಡದ ಹಸ್ತಪ್ರತಿಯೂ ಸುಟ್ಟುಹೋಯಿತು, ಅವರು ಮರಳಿ ಮೊದಲಿನಿಂದ ಬರೆದರು. ಹೀಗೆ ಕನ್ನಡಕ್ಕೆ ಆರಂಭದಲ್ಲಿಯೇ ಎರಡು ಹೊಸ ಒಡಂಬಡಿಕೆಗಳು ಹುಟ್ಟಿದುವು. ಒಂದು ಕನ್ನಡನಾಡಿನೊಳಗೆ, ಇನ್ನೊಂದು ಕನ್ನಡದ ಧ್ವನಿ ಕೇಳಿಸದ ಗಂಗೆಯ ದಡದಲ್ಲಿ. ಉಳಿದು ಬೆಳೆದುದು ಬಳ್ಳಾರಿಯದು. ಮುಂದೆ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದ ವಿಲಿಯಂ ರೀವನು ಹ್ಯಾಂಡ್ಸನಿಗೆ ಜೊತೆಯಾದನು; 1831ರಲ್ಲಿ ಸಮಗ್ರ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು.

ಆದರೆ ಅದರ ಕನ್ನಡವು ತೊಡರುತ್ತ ನಡೆಯುವ ಕನ್ನಡವಾಗಿತ್ತು. ವಾಕ್ಯಗಳ ಮೈಯಲ್ಲಿ ಪರದೇಶದ ಎಲುಬು ಕಾಣುತ್ತಿತ್ತು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ, ಮೋಗ್ಲಿಂಗರು ಮಂಗಳೂರು ಧಾರವಾಡಗಳ ಕಡೆಯಲ್ಲಿ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಓದಿ ಹದಗೊಂಡ ಕಿವಿಯುಳ್ಳವರು. ವೈಗ್ಲೆ ಪರಿಷ್ಕರಣದ ಭಾರವನ್ನು ಹೊತ್ತು, ಮುಗಿಯುವುದನ್ನು ಕಾಣದೆ 1855ರಲ್ಲಿ ತೀರಿಕೊಂಡನು. ಲಂಡನ್ ಮಿಷನ್, ಬಾಸೆಲ್ ಮಿಷನ್ ಮೊದಲಾದವುಗಳವರು ಒಂದಾಗಿ ಕುಳಿತು ತಿದ್ದಿದ ಆ ಪರಿಷ್ಕೃತ ಬೈಬಲ್ 1865ರ ಹೊತ್ತಿಗೆ ಜನರ ಕೈಸೇರಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದೂ ಇನ್ನೊಮ್ಮೆ ಒರೆಗೆ ಹಚ್ಚಲ್ಪಟ್ಟು, ಇಂದು ನಮ್ಮ ಸಭೆಗಳಲ್ಲಿ ಹಳೆಯ ಸತ್ಯವೇದವೆಂದು ಕರೆಯಿಸಿಕೊಳ್ಳುವ ಗ್ರಂಥವಾಯಿತು. ಆ ಹಳೆಯದು ಮೂರನೆಯ ತಲೆಮಾರಿನದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಬಳ್ಳಾರಿಯಲ್ಲಿ ಹುಟ್ಟಿ, ಮಂಗಳೂರು ಧಾರವಾಡಗಳಲ್ಲಿ ತಿದ್ದಲ್ಪಟ್ಟ ಈ ಕನ್ನಡ ಸೇಡಂ ಚಿಂಚೋಳಿಗಳ ಕನ್ನಡವಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರದ ಕಾಗದ ಉರ್ದುವಿನಲ್ಲಿ ನಡೆಯುತ್ತಿತ್ತು, ಸಂತೆಯ ಮಾತು ತೆಲುಗಿನೊಡನೆ ಬೆರೆಯುತ್ತಿತ್ತು, ಮನೆಯ ಮಾತು ಈ ಭಾಗದ ಬಿರುಸಾದ, ಬೆಚ್ಚನೆಯ, ದೀರ್ಘಗಳನ್ನು ಎಳೆಯುವ ಕನ್ನಡವಾಗಿತ್ತು. ಇದೇ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವೇ, ಕನ್ನಡಗಳು ಹಲವಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸುವುದರಲ್ಲಿ ನಾಗರಾಜ ವಾಸುಕಿಯೂ ಬೇಸರಗೊಂಡಾನೆಂಬ ಅರ್ಥದ ಮಾತನ್ನು ಆಡಿದೆ. ಸಾವಿರ ವರ್ಷಗಳ ಮೇಲೆ ಕಾಗಿಣಾ ನದಿಯ ಆ ದಡಕ್ಕೇ ಇನ್ನೊಂದು ಕನ್ನಡ ಬಂದಿತು. ಅದು ಅಲ್ಲಿಯವರ ಬಾಯಿಮಾತಾಗಿರಲಿಲ್ಲವೆಂಬುದು ಅದಕ್ಕೆ ಕೊರತೆಯಾಗದೆ ಗೌರವವೇ ಆಯಿತೆಂದು ನನಗೆ ತೋರುತ್ತದೆ. ಹೊಲದಲ್ಲಿ ಎತ್ತನ್ನು ಗದರಿಸುವ ಮಾತು, ಗೌಡನ ಮುಂದೆ ತಲೆತಗ್ಗಿಸಿ ಆಡುವ ಮಾತು, ಸಾಲ ಕೊಟ್ಟವನಿಗೆ ಸಮಾಧಾನ ಹೇಳುವ ಮಾತು, ಇವಾವುವೂ ಆಗಿರದ ಒಂದು ಉನ್ನತವಾದ ಕನ್ನಡವು ಅವರಿಗೆ ಭಾನುವಾರದ ಬೆಳಿಗ್ಗೆ ದೊರೆಯುತ್ತಿತ್ತು. ಅದನ್ನು ನುಡಿಯುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ದೊರೆತುದು ಕಣ್ಣಿನ ಮೂಲಕವಲ್ಲ, ಕಿವಿಯ ಮೂಲಕ. ಬೈಬಲ್ ಹೆಂಗಸರೆಂದು ಕರೆಯಲ್ಪಡುತ್ತಿದ್ದ ಉಪದೇಶಕಿಯರು ಕೇರಿಯ ಅಂಗಳದಲ್ಲಿ ಕುಳಿತು ಒಂದೊಂದೇ ವಾಕ್ಯವನ್ನು ಹೇಳಿಕೊಡುವರು. ಅಕ್ಷರವರಿಯದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಬಳಿ ಕುಳಿತೇ ಅದನ್ನು ಬಾಯಿಪಾಠ ಮಾಡುವರು. ಇಪ್ಪತ್ತಮೂರನೆಯ ಕೀರ್ತನೆ, ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು, ಯೋಹಾನನ ಮೂರನೆಯ ಅಧ್ಯಾಯದ ಹದಿನಾರನೆಯ ವಾಕ್ಯ: ಇಷ್ಟು ಹೃದ್ಗತವಾಗದೆ ದೀಕ್ಷಾಸ್ನಾನವಿಲ್ಲ. ಹೀಗೆ ಕಲಿತವರಿಗೆ ಅರ್ಥವೊಂದು, ಅದನ್ನು ಹೊತ್ತ ಮಾತು ಇನ್ನೊಂದು ಎಂಬ ಭೇದವೇ ಇರಲಾರದು. ಹೆರಿಗೆಯ ನೋವಿನಲ್ಲಿ, ಪ್ಲೇಗಿನ ದಿನಗಳಲ್ಲಿ, ಮಗುವನ್ನು ಮಣ್ಣುಮಾಡಿ ಬಂದ ರಾತ್ರಿಯಲ್ಲಿ ನಾಲಗೆಗೆ ಬಂದ ಪದಗಳು ಯಾವುವೋ ಅವೇ ದೇವರ ಪದಗಳು. ಆ ಸೀಮೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಸತ್ಯವೇದವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಮಾಡದಲ್ಲಿಡುತ್ತಾರೆ. ಅಂಚಿನ ಕೆಂಪು ಬಣ್ಣ ಹೆಬ್ಬೆರಳು ತಾಗುವ ಕಡೆ ಮಾತ್ರ ಸವೆದಿರುತ್ತದೆ. ಕೀರ್ತನೆಗಳ ಭಾಗದ ಹಾಳೆಗಳು ಎಣ್ಣೆಗೈ ಸೋಕಿ ಪಾರದರ್ಶಕವಾಗಿರುತ್ತವೆ. ಮೊದಲ ಖಾಲಿ ಹಾಳೆಯಲ್ಲಿ ಮಕ್ಕಳು ಹುಟ್ಟಿದ ತಾರೀಖು, ಮುತ್ಯಾ ತೀರಿಕೊಂಡ ತಾರೀಖು, ಮಗಳನ್ನು ತಾಂಡೂರಿಗೆ ಕೊಟ್ಟ ತಾರೀಖು, ಬೇರೆ ಬೇರೆ ಕೈಬರಹಗಳಲ್ಲಿ, ಬೇರೆ ಬೇರೆ ಶಾಯಿಗಳಲ್ಲಿ. ಇಂತಹ ಮನೆಗೆ ಹೋಗಿ, ಆಯೀ, ಈಗ ಇದಕ್ಕಿಂತ ಸುಲಭವಾದ ಭಾಷಾಂತರ ಬಂದಿದೆ, ಇದನ್ನು ಬಿಡಿ ಎಂದರೆ ಆ ತಾಯಿ ಒಪ್ಪುವುದಾದರೂ ಹೇಗೆ? ಹಳೇ ಸತ್ಯವೇದದಾಗ ಓದ್ರಿ ಅಯ್ಯನೋರೆ ಎಂದು ಆಕೆ ಕೇಳುವುದರಲ್ಲಿ ಹಟವಿಲ್ಲ. ತಾನು ಬದುಕಿ ಬಂದುದರ ಸಾಕ್ಷ್ಯವಿದೆ.

ಜಗತ್ತಿನ ಕ್ರೈಸ್ತರ ಚರಿತ್ರೆಯಲ್ಲಿ ಇದು ಅತ್ಯಂತ ಹಳೆಯ ಭಾವ. ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಜೆರೋಮನೆಂಬ ಮಹಾವಿದ್ವಾಂಸನು ಬೆತ್ಲೆಹೇಮಿನಲ್ಲಿ ಕುಳಿತು, ಗ್ರೀಕ್ ಭಾಷಾಂತರದಿಂದ ಭಾಷಾಂತರಿಸಿದ್ದ ಹಳೆಯ ಲ್ಯಾಟಿನ್ ಪಾಠವನ್ನು ಬಿಟ್ಟು, ಹಳೆಯ ಒಡಂಬಡಿಕೆಯನ್ನು ನೇರವಾಗಿ ಹೀಬ್ರೂವಿನಿಂದ ಲ್ಯಾಟಿನ್ನಿಗೆ ತಂದನು. ಉತ್ತರ ಆಫ್ರಿಕದ ಓಯ ಎಂಬ ಪಟ್ಟಣದ, ಇಂದಿನ ಟ್ರಿಪೊಲಿಯ, ಬಿಷಪ್ಪನೊಬ್ಬನು ತನ್ನ ಸಭೆಯಲ್ಲಿ ಯೋನನ ಗ್ರಂಥವನ್ನು ಈ ಹೊಸ ಭಾಷಾಂತರದಲ್ಲಿ ಓದಿಸಿದನು. ನಿನೆವೆಯ ಹೊರಗೆ ಬಿಸಿಲಲ್ಲಿ ಕುಳಿತ ಪ್ರವಾದಿಯ ತಲೆಗೆ ನೆರಳಾಗಿ ದೇವರು ಬೆಳೆಸಿದ ಬಳ್ಳಿಯನ್ನು ಜನ ತಲೆತಲಾಂತರದಿಂದ ಸೋರೆಯೆಂದು ಕೇಳಿದ್ದರು. ಜೆರೋಮನು ಅದನ್ನು ಬೇರೊಂದು ಹಬ್ಬುವ ಬಳ್ಳಿಯ ಹೆಸರಿನಿಂದ ಕರೆದಿದ್ದನು. ಸಭೆಯಲ್ಲಿ ಕೋಲಾಹಲವೆದ್ದಿತು. ಬಿಷಪ್ಪನು ಊರಿನ ಯೆಹೂದ್ಯರನ್ನು ವಿಚಾರಿಸಿದನು, ಅವರು ಹಳೆಯ ಪಾಠವೇ ಸರಿಯೆಂದರು, ಮಂದೆಯನ್ನು ಕಳೆದುಕೊಳ್ಳಲಾರದೆ ಆತನು ಆ ಮಾತನ್ನು ತಿದ್ದಬೇಕಾಯಿತು. ಇದನ್ನು ಜೆರೋಮನಿಗೆ ಪತ್ರ ಬರೆದು ತಿಳಿಸಿದವನು ಸಂತ ಅಗಸ್ಟೀನ್. ಇಂದಿನ ವಿದ್ವಾಂಸರಲ್ಲಿ ಹಲವರು ಅದು ಸೋರೆಯೂ ಅಲ್ಲ, ಜೆರೋಮನ ಬಳ್ಳಿಯೂ ಅಲ್ಲ, ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಔಡಲವೆಂದು ಭಾವಿಸುತ್ತಾರೆ. ಆದರೆ ಓಯದ ಜನ ಸಸ್ಯಶಾಸ್ತ್ರಕ್ಕಾಗಿ ಎದ್ದು ನಿಂತವರಲ್ಲ. ಒಂದು ಗಿಡದ ಹೆಸರು ಬದಲಾಗಬಹುದಾದರೆ ಯಾವುದು ತಾನೆ ಬದಲಾಗದೆ ಉಳಿದೀತೆಂಬ ಭಯ ಅವರನ್ನು ಎಬ್ಬಿಸಿತು.

ಆ ದಿನ ಜನ ತಿರಸ್ಕರಿಸಿದ ಜೆರೋಮನ ಲ್ಯಾಟಿನ್ ಭಾಷಾಂತರವೇ ಸಾವಿರ ವರ್ಷಗಳ ಕಾಲ ಪಶ್ಚಿಮದ ಮುಖ್ಯ ಬೈಬಲ್ ಆಗಿ ಮೆರೆದು, 1546ರಲ್ಲಿ ಟ್ರೆಂಟಿನ ಮಹಾಸಭೆಯಿಂದ ಪ್ರಮಾಣಗ್ರಂಥವೆಂದು ಘೋಷಿತವಾಯಿತು. ಆ ಘೋಷಣೆಯ ಬಿಸಿ ನಮ್ಮ ದಕ್ಷಿಣದೇಶಕ್ಕೂ ತಗುಲಿತು. ಮಲಬಾರಿನ ಪ್ರಾಚೀನ ಕ್ರೈಸ್ತರು ಸಿರಿಯಾಕ್ ಭಾಷೆಯ ಬೈಬಲ್ಲನ್ನು ಓದುತ್ತಿದ್ದವರು. ಲ್ಯಾಟಿನ್ನಿನ ಗಾಳಿ ಸೋಕದವರು. ಅವರ ಪಾಠದಲ್ಲಿ ಹೊಸ ಒಡಂಬಡಿಕೆಯ ಕೆಲವು ಪತ್ರಿಕೆಗಳೂ ಪ್ರಕಟನೆಯ ಗ್ರಂಥವೂ ಇರಲಿಲ್ಲ. ಗೋವೆಯ ಆರ್ಚ್‌ಬಿಷಪ್ ಮೆನೆಜಿಸನು 1599ರ ಜೂನಿನಲ್ಲಿ ಉದಯಂಪೇರೂರಿನಲ್ಲಿ ಸಭೆ ಕೂಡಿಸಿ, ಆ ಬೈಬಲ್ಲುಗಳನ್ನೆಲ್ಲ ಲ್ಯಾಟಿನ್ ಪಾಠಕ್ಕೆ ಸರಿಯಾಗಿ ತಿದ್ದಬೇಕೆಂದೂ ಇಲ್ಲದ ಭಾಗಗಳನ್ನು ತುಂಬಬೇಕೆಂದೂ ವಿಧಿಸಿದನು. ಅನೇಕ ಸಿರಿಯಾಕ್ ಗ್ರಂಥಗಳು ಬೆಂಕಿಯ ಪಾಲಾದುವು. ಒಂದು ಭಾಷಾಂತರವನ್ನು ಪ್ರೀತಿಸುವುದಕ್ಕೂ ಅದೊಂದನ್ನೇ ಇತರರ ಮೇಲೆ ಹೇರುವುದಕ್ಕೂ ಇರುವ ಅಂತರ ಆ ಬೂದಿಯಲ್ಲಿ ಸ್ಪಷ್ಟವಾಗಿದೆ. 1653ರಲ್ಲಿ ಮಟ್ಟಾಂಚೇರಿಯ ಶಿಲುಬೆಯ ಬಳಿ ಆ ಜನ ಪೋರ್ಚುಗೀಸ್ ಪಾದ್ರಿಗಳ ಅಧೀನದಲ್ಲಿರುವುದಿಲ್ಲವೆಂದು ಪ್ರತಿಜ್ಞೆ ಮಾಡಿದುದರ ಹಿಂದೆ ಈ ನೋವೂ ಕೂಡಿಕೊಂಡಿದ್ದಿತು.

ತಮಿಳುನಾಡಿನ ಕಥೆ ಇನ್ನೂ ನಮಗೆ ಹತ್ತಿರದ್ದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸಿನ ವೇಪೇರಿಯಲ್ಲಿ ಜರ್ಮನ್ ಪಾದ್ರಿ ಫ್ಯಾಬ್ರಿಷಿಯಸ್ ಎಂಬಾತನು ಮಾಡಿದ ತಮಿಳು ಭಾಷಾಂತರವನ್ನು ಲುಥೆರನ್ ಸಭೆಗಳು ಬಂಗಾರದ ಬೈಬಲ್ಲೆಂದು ಕೊಂಡಾಡಿದುವು. ಮುಂದೆ ಲಂಕೆಯ ಯಾಳ್ಪಾಣದಲ್ಲಿ ಮಿಷನರಿ ಪರ್ಸಿವಲನು, ಶೈವ ವಿದ್ವಾಂಸನಾದ ಆರುಮುಗ ನಾವಲರನ ನೆರವಿನಿಂದ, 1850ರಲ್ಲಿ ಸೊಗಸಾದ ತಮಿಳಿನ ಬೈಬಲ್ಲನ್ನು ಹೊರತಂದನು. ಭಾಷೆಯ ದೃಷ್ಟಿಯಿಂದ ಶ್ರೇಷ್ಠವಾದರೂ ಪರಿಚಿತ ಮಾತುಗಳು ಅದರಲ್ಲಿಲ್ಲವೆಂದು ಸಭೆಗಳು ಅದನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಬವರನ ನೇತೃತ್ವದಲ್ಲಿ ಹಲವು ಮಿಷನ್ನುಗಳು ಕೂಡಿ ಸಿದ್ಧಪಡಿಸಿದ 1871ರ ಬೈಬಲ್ಲನ್ನು ಮಿಕ್ಕವರೆಲ್ಲ ಸ್ವೀಕರಿಸಿದ ಮೇಲೆಯೂ ಲುಥೆರನ್ನರು ಬಹುಕಾಲ ಫ್ಯಾಬ್ರಿಷಿಯಸನನ್ನು ಬಿಡಲಿಲ್ಲ. ಇಂದು ಅದೇ 1871ರ ಬೈಬಲ್ಲು ತಮಿಳರಿಗೆ ಮುಟ್ಟಬಾರದ ಹಳೆಯದು. ಪ್ರತಿಯೊಂದು ಪ್ರಿಯವಾದ ಭಾಷಾಂತರವೂ ಒಂದು ಕಾಲದಲ್ಲಿ ಬಾಗಿಲ ಹೊರಗೆ ನಿಂತ ಅಪರಿಚಿತನೇ ಆಗಿತ್ತು.

ನಮ್ಮ ಗಡಿಯಾಚೆಯ ತೆಲುಗು ಸೀಮೆಯಲ್ಲಿ ಇನ್ನೊಂದು ಬಗೆಯ ಜಗಳವಿತ್ತು; ಅದರ ಬೇರು ಬಂಗಾಳದಲ್ಲಿತ್ತು. ಮುಳುಗಿಸಿ ಕೊಡುವ ಸ್ನಾನವೇ ನಿಜವಾದ ದೀಕ್ಷೆಯೆಂದು ನಂಬಿದ ಬ್ಯಾಪ್ಟಿಸ್ಟರು ಬಂಗಾಳಿ ಭಾಷಾಂತರದಲ್ಲಿ ಆ ಅರ್ಥ ಬರುವ ಪದವನ್ನೇ ಬಳಸಿದುದರಿಂದ, 1830ರ ದಶಕದಲ್ಲಿ ಬೈಬಲ್ ಸೊಸೈಟಿಗಳು ಅದರ ಮುದ್ರಣಕ್ಕೆ ಹಣ ಕೊಡಲು ನಿರಾಕರಿಸಿದುವು. ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಬೇರೆ ಸೊಸೈಟಿಯನ್ನು ಕಟ್ಟಿಕೊಂಡರು. ಮಹಬೂಬ್‌ನಗರದ ಕಡೆಯ ಅಮೆರಿಕನ್ ಬ್ಯಾಪ್ಟಿಸ್ಟರೂ ಸೇಡಂ ಕಡೆಯ ಮೆಥೊಡಿಸ್ಟರೂ ನೆರೆಹೊರೆಯವರಾಗಿದ್ದು ಈ ವಿಷಯದಲ್ಲಿ ಎರಡು ದಾರಿಯವರು. ಕನ್ನಡದ ದೀಕ್ಷಾಸ್ನಾನವೆಂಬ ಮಾತು ನೀರಿನ ಆಳವನ್ನು ಹೇಳದೆ ಇದ್ದುದರಿಂದ ನಮ್ಮಲ್ಲಿ ಆ ಕಲಹ ಗ್ರಂಥದೊಳಕ್ಕೆ ಬರಲಿಲ್ಲ.

ಇಷ್ಟುಹೊತ್ತು ಹೇಳಿದುದು ಪ್ರೀತಿಯ ಮಾತು, ಭಯದ ಮಾತು, ಅಧಿಕಾರದ ಮಾತು. ಇವುಗಳ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದವರು ಇಂಗ್ಲಿಷ್ ಬೈಬಲ್ಲಿನವರು. ಒಂದನೆಯ ಜೇಮ್ಸ್ ದೊರೆಯು 1604ರಲ್ಲಿ ಹ್ಯಾಂಪ್ಟನ್ ಕೋರ್ಟಿನ ಸಭೆಯಲ್ಲಿ ಒಪ್ಪಿಗೆ ಕೊಟ್ಟು, ಸುಮಾರು 47 ಮಂದಿ ವಿದ್ವಾಂಸರು ದುಡಿದು, 1611ರಲ್ಲಿ ಹೊರಬಂದ ಕಿಂಗ್ ಜೇಮ್ಸ್ ಬೈಬಲ್ಲಿನ ಭಾಷೆಯ ಗಾಂಭೀರ್ಯವನ್ನು ನಿರಾಕರಿಸುವವರಿಲ್ಲ. ಅದೂ ಹುಟ್ಟಿದಾಗ ಒಲವನ್ನು ಪಡೆಯಲಿಲ್ಲ. ಭಕ್ತಜನರ ಕೈಯಲ್ಲಿದ್ದುದು 1560ರ ಜಿನೀವ ಬೈಬಲ್. ಅಮೆರಿಕಕ್ಕೆ ಹಡಗು ಹತ್ತಿದ ಪ್ಯೂರಿಟನ್ನರಲ್ಲಿ ಬಹುಮಂದಿ ಅದನ್ನೇ ಎದೆಗವಚಿಕೊಂಡು ಹೋದರು. ಹೀಬ್ರೂ ಪಂಡಿತನಾದ ಹ್ಯೂ ಬ್ರಾಟನನು ಹೊಸ ಭಾಷಾಂತರವನ್ನು ಕಟುವಾಗಿ ಖಂಡಿಸಿದನು. ಎರಡು ಮೂರು ತಲೆಮಾರುಗಳು ಕಳೆದ ಮೇಲೆ ಮಾತ್ರ ಅದು ಇಂಗ್ಲಿಷ್ ಮನೆಗಳ ಉಸಿರಾಯಿತು. ವಾಡಿ ಶಹಾಬಾದಗಳ ಹಳಿಗಳಿಗೆ ಬಂದ ಮೊದಲ ತಲೆಮಾರಿನ ಡ್ರೈವರುಗಳೂ ಗಾರ್ಡುಗಳೂ ಇಂಗ್ಲಿಷಿನಲ್ಲಿ ಪ್ರಾರ್ಥನೆಗೆ ಕುಳಿತಾಗ ಓದುತ್ತಿದ್ದ ಬೈಬಲ್ ಅದೇ.

ಅದರ ಹೊಸ ಒಡಂಬಡಿಕೆಯ ಗ್ರೀಕ್ ಮೂಲವು ಎರಾಸ್ಮಸನಿಂದ ಬಂದುದು. ಆತನು 1516ರಲ್ಲಿ ತನಗೆ ದೊರೆತ ಕೆಲವೇ ತಡವಾದ ಹಸ್ತಪ್ರತಿಗಳಿಂದ ಅವಸರದಲ್ಲಿ ಅಚ್ಚು ಹಾಕಿಸಿದ ಪಾಠ ಅದು. ಪ್ರಕಟನೆಯ ಗ್ರಂಥದ ಕೊನೆಯ ಹಾಳೆ ಆತನ ಹಸ್ತಪ್ರತಿಯಲ್ಲಿ ಕಳೆದುಹೋಗಿದ್ದುದರಿಂದ ಆ ಆರು ವಾಕ್ಯಗಳನ್ನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ಅನುವಾದಿಸಿ ತುಂಬಿದನು. ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ ಪರಲೋಕದ ಮೂವರು ಸಾಕ್ಷಿಗಳನ್ನು ಹೇಳುವ ವಾಕ್ಯ ಆತನ ಮೊದಲೆರಡು ಮುದ್ರಣಗಳಲ್ಲಿ ಇರಲಿಲ್ಲ. ಆಕ್ಷೇಪಣೆಗಳು ಎದ್ದ ಮೇಲೆ 1522ರ ಮೂರನೆಯ ಮುದ್ರಣದಲ್ಲಿ ಸೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಟಿಷೆನ್‌ಡಾರ್ಫನು ಸೀನಾಯ್ ಪರ್ವತದ ಮಠದಿಂದ ಬೆಳಕಿಗೆ ತಂದ ಹಸ್ತಪ್ರತಿಯೂ ರೋಮಿನ ವ್ಯಾಟಿಕನ್ನಿನ ಹಸ್ತಪ್ರತಿಯೂ ಅದಕ್ಕಿಂತ ಎಷ್ಟೋ ಹಳೆಯವು. ಇವುಗಳ ಆಧಾರದಿಂದ ವೆಸ್ಟ್‌ಕಾಟ್, ಹಾರ್ಟ್ ಎಂಬಿಬ್ಬರು ಸಿದ್ಧಪಡಿಸಿದ ಗ್ರೀಕ್ ಪಾಠವೂ ಇಂಗ್ಲಿಷಿನ ಪರಿಷ್ಕೃತ ಹೊಸ ಒಡಂಬಡಿಕೆಯೂ 1881ರಲ್ಲಿ ಜೊತೆಜೊತೆಯಾಗಿ ಹೊರಬಂದುವು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಾಕ್ಯಗಳ ಮೇಲೂ ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಸ್ತ್ರೀಯ ಕಥೆಯ ಮೇಲೂ ಸಂಶಯದ ಗೆರೆ ಬಿದ್ದಿತು. ಮೂರು ಸಾಕ್ಷಿಗಳ ವಾಕ್ಯ ಮಾಯವಾಯಿತು.

ಇದನ್ನು ಪ್ರಬಲವಾಗಿ ಎದುರಿಸಿದವನು ಚಿಚೆಸ್ಟರಿನ ಡೀನ್ ಜಾನ್ ಬರ್ಗನ್. 1883ರಲ್ಲಿ ಆತನು ಪ್ರಕಟಿಸಿದ ಗ್ರಂಥದ ತಿರುಳು ಇದು: ದೇವರು ತನ್ನ ವಾಕ್ಯವನ್ನು ಪ್ರೇರೇಪಿಸಿದ್ದು ನಿಜವಾದರೆ ಅದನ್ನು ಕಾಪಾಡಿಯೂ ಇರಬೇಕು, ಸಾವಿರಕ್ಕೂ ಮಿಕ್ಕಿದ ವರ್ಷ ಸಭೆಗಳು ಓದಿ ಪ್ರಾರ್ಥಿಸಿದ ಪಾಠವನ್ನು ಬಿಟ್ಟು, ಯಾರೂ ಓದದೆ ಮೂಲೆಯಲ್ಲಿ ಬಿದ್ದಿದ್ದ ಹಸ್ತಪ್ರತಿಗಳಲ್ಲಿ ಸತ್ಯ ಅಡಗಿತ್ತೆನ್ನುವುದು ದೇವರ ಪಾಲನೆಗೆ ಕುಂದಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಶ್ರದ್ಧೆಯ ಹೃದಯದಿಂದ ಬಂದ ಪ್ರಶ್ನೆ ಇದು. ಆದರೆ ಬರ್ಗನನು ಕಾಪಾಡಹೊರಟುದು ಗ್ರೀಕ್ ಪಾಠವನ್ನು. ಅಮೆರಿಕದಲ್ಲಿ ಆತನ ಹಿಂದೆ ಬಂದವರು, 1930ರಲ್ಲಿ ವಿಲ್ಕಿನ್‌ಸನ್, 1970ರಲ್ಲಿ ಡೇವಿಡ್ ಓಟಿಸ್ ಫುಲ್ಲರ್ ಮೊದಲಾದವರು, ಆ ವಾದವನ್ನು ಮೆಲ್ಲಮೆಲ್ಲನೆ ಒಂದು ಇಂಗ್ಲಿಷ್ ಗ್ರಂಥದ ಸುತ್ತ ಕೋಟೆಯಾಗಿಸಿದರು. ಪೀಟರ್ ರಕ್‌ಮನ್ನನಂತಹವರು ಇನ್ನೂ ಮುಂದೆ ಹೋಗಿ, 1611ರ ಇಂಗ್ಲಿಷಿನಿಂದ ಗ್ರೀಕನ್ನೇ ತಿದ್ದಬಹುದೆಂದರು. ವಿಶ್ವವಿದ್ಯಾಲಯದ ಪಂಡಿತರು ಸೃಷ್ಟಿಯ ಕಥೆಯನ್ನೂ ಪವಾಡಗಳನ್ನೂ ಸಂಶಯಿಸುತ್ತಿದ್ದ ಕಾಲದಲ್ಲಿ, ಸಾಮಾನ್ಯ ವಿಶ್ವಾಸಿಗೆ ಕಾಲೂರಲು ಬಂಡೆಯೊಂದು ಬೇಕಾಗಿತ್ತು. ಅಡಿಟಿಪ್ಪಣಿಯಲ್ಲಿ ಬೇರೆ ಪಾಠಗಳನ್ನು ಕೊಡುವ ಗ್ರಂಥ ಬಂಡೆಯಂತೆ ಕಾಣಲಿಲ್ಲ. ಆ ಹಂಬಲವನ್ನು ಅರಿತಾಗ ಆ ಜನರ ಮೇಲೆ ಕೋಪ ಬರುವುದಿಲ್ಲ.

ನಮ್ಮಲ್ಲಿಯೂ ಹೊಸ ಹಳೆಯವುಗಳ ಎಳೆದಾಟ ಬಾರದೆ ಇರಲಿಲ್ಲ. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಅದರ ತಾಂಡೂರು ಕೊಡಂಗಲ್ಲುಗಳು ಆಂಧ್ರಕ್ಕೆ ಹೋದುವು. ಶಾಲೆಯ ಕನ್ನಡ ಬಂದಿತು, ಮಕ್ಕಳು ಹಳೆಯ ಸತ್ಯವೇದದ ಮಾತು ತಿಳಿಯದೆನ್ನತೊಡಗಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಕೂಡಿ ದುಡಿಯುವ ಸಾಧ್ಯತೆ ತೆರೆದು, ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸರಳಗನ್ನಡದ ಪವಿತ್ರ ಬೈಬಲ್ ಸಿದ್ಧವಾಯಿತು. ಹಳೆಯದು ದೇವರನ್ನು ಏಕವಚನದಲ್ಲಿ ನುಡಿಯುತ್ತಿತ್ತು, ಹೊಸದು ಗೌರವದ ಬಹುವಚನವನ್ನು ಹಿಡಿಯಿತು. ಹಳೆಯದರ ಯೆಹೋವನೆಂಬ ನಾಮಕ್ಕೆ ಬದಲಾಗಿ ಸರ್ವೇಶ್ವರನೆಂಬುದು ಬಂದಿತು. ಬೆಂಗಳೂರಿನ ಕಿವಿಗೆ ಏಕವಚನ ಒರಟಾಗಿ ಕೇಳಿಸಬಹುದು. ತಂದೆಯನ್ನೂ ದೇವರನ್ನೂ ನೀನೆಂದು ಕರೆದು ಕಣ್ಣೀರಿಡುವ ಚಿಂಚೋಳಿಯ ಕಡೆಯವರಿಗೆ ಬಹುವಚನವೇ ದೂರ ನಿಲ್ಲಿಸಿದಂತೆ ತೋರುತ್ತದೆ. ಯೆಹೋವ ನಾಮವನ್ನು ಹಿಡಿದು ಕೂಗಿದವರಿಗೆ ಆ ಹೆಸರು ಕಾಣದ ಪುಟ ಬರಿದೆನಿಸುತ್ತದೆ. ಈ ಎರಡು ಸಂಗತಿಗಳಲ್ಲಿ ನನ್ನ ಮನಸ್ಸು ಹಳೆಯ ಸತ್ಯವೇದದ ಕಡೆಗೇ ವಾಲುತ್ತದೆ. ಆದರೂ ಹೊಸದರಲ್ಲಿ ಪೌಲನ ಪತ್ರಿಕೆಗಳನ್ನು ಓದಿದ ಹುಡುಗಿಯೊಬ್ಬಳಿಗೆ ಮೊದಲ ಬಾರಿಗೆ ಅರ್ಥ ಹೊಳೆಯುವುದಾದರೆ, ಅದನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಕಿಂಗ್ ಜೇಮ್ಸ್ ಒಂದೇ ಎಂಬ ವಾದವು ಮೊದಲು ಕರಪತ್ರಗಳಲ್ಲಿ, ಈಗ ಕೈಯೊಳಗಿನ ಮೊಬೈಲಿನ ಪ್ರವಚನಗಳಲ್ಲಿ, ನಮ್ಮ ದೇಶಕ್ಕೂ ಬಂದಿದೆ. ಯಾವ ಕನ್ನಡ ವಾಕ್ಯವನ್ನಾದರೂ ಲಂಡನ್ನಿನ ನಾನೂರು ವರ್ಷದ ಹಿಂದಿನ ಇಂಗ್ಲಿಷಿಗೆ ಹೋಲಿಸಿ, ಕೂಡದಿದ್ದರೆ ತಪ್ಪೆನ್ನುವ ಈ ಕ್ರಮವನ್ನು ನಾನು ಒಪ್ಪಲಾರೆ. ಹ್ಯಾಂಡ್ಸನೂ ವೈಗ್ಲೆಯೂ ಹೀಬ್ರೂ ಗ್ರೀಕುಗಳನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ತಂದವರು. ಮೂಲದೆದುರು ಕನ್ನಡವೂ ಇಂಗ್ಲಿಷೂ ಸಮಾನವಾದ ಆಸನದಲ್ಲಿ ಕುಳಿತುವು. ಬೀಸುವ ಕಲ್ಲಿನ ಬಳಿ ಕಲಿತ ತಾಯಿಯ ಪ್ರಾರ್ಥನೆ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಆಕೆ ಅರಿಯದ ಮೂರನೆಯ ಭಾಷೆಯನ್ನು ನ್ಯಾಯಾಧೀಶನನ್ನಾಗಿ ಕರೆಯುವುದು ಉದಯಂಪೇರೂರಿನ ಕೆಲಸವೇ. ವಾಸ್ತವವಾಗಿ, ಈ ಸೀಮೆಯವರು ಅಪ್ಪಿಕೊಂಡಿರುವ ಹಳೆಯ ಸತ್ಯವೇದದಲ್ಲಿಯೇ ಆ ಮೂರು ಪರಲೋಕಸಾಕ್ಷಿಗಳ ವಾಕ್ಯವಿಲ್ಲ. ಇಪ್ಪತ್ತನೆಯ ಶತಮಾನದ ಪರಿಷ್ಕಾರಕರು ಪ್ರಾಚೀನ ಹಸ್ತಪ್ರತಿಗಳನ್ನು ಅನುಸರಿಸಿದರು. ಅದಿಲ್ಲದೆಯೇ ಸೇಡಂ ಚಿತ್ತಾಪುರಗಳ ಸಭೆಗಳು ತಂದೆ ಮಗ ಪವಿತ್ರಾತ್ಮರ ನಾಮದಲ್ಲಿ ದೀಕ್ಷೆ ಕೊಟ್ಟಿವೆ, ಮದುವೆ ಮಾಡಿಸಿವೆ, ತಮ್ಮವರನ್ನು ಮಣ್ಣಿಗೆ ಒಪ್ಪಿಸಿವೆ. ಪ್ರತಿವರ್ಷ ತಾಂಡೂರಿನಾಚೆಯ ಧಾರೂರಿನಲ್ಲಿ ಮೆಥೊಡಿಸ್ಟರ ಜಾತ್ರೆ ಕೂಡಿದಾಗ ಕನ್ನಡದವರು ಕನ್ನಡ ಬೈಬಲ್ಲನ್ನೂ ತೆಲುಗಿನವರು ತೆಲುಗು ಬೈಬಲ್ಲನ್ನೂ ಹಿಡಿದೇ ರೈಲಿಳಿಯುತ್ತಾರೆ. ಯಾರ ಕೈಯ ಗ್ರಂಥ ನಿಜವಾದುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

1611ರ ಭಾಷಾಂತರಕಾರರು ತಮ್ಮ ಗ್ರಂಥದ ಆದಿಯಲ್ಲಿ ಓದುಗರಿಗೆ ಒಂದು ದೀರ್ಘವಾದ ಪೀಠಿಕೆಯನ್ನು ಬರೆದಿದ್ದರು. ತಾವು ಹಿಂದಿನವರ ಒಳ್ಳೆಯ ಕೆಲಸವನ್ನು ಇನ್ನೂ ಒಳ್ಳೆಯದನ್ನಾಗಿ ಮಾಡಿದವರೆಂದೂ, ಬಡವಾದ ಭಾಷಾಂತರವೂ ದೇವರ ವಾಕ್ಯವೇ ಎಂದೂ, ಸಂಶಯವಿದ್ದೆಡೆ ಅಂಚಿನಲ್ಲಿ ಬೇರೆ ಅರ್ಥವನ್ನು ಕೊಡುವುದು ತಪ್ಪಲ್ಲವೆಂದೂ ಅದರಲ್ಲಿ ವಿವರಿಸಿದ್ದರು. ನಂತರದ ಮುದ್ರಣಗಳಲ್ಲಿ ಬಹುಪಾಲಿನಿಂದ ಆ ಪೀಠಿಕೆ ಬಿಟ್ಟುಹೋಯಿತು. ಅದು ಪ್ರತಿಯೊಂದು ಪ್ರತಿಯಲ್ಲೂ ಉಳಿದಿದ್ದರೆ ಆ ಗ್ರಂಥದ ಹೆಸರಿನಲ್ಲಿ ಇಷ್ಟೊಂದು ಕಲಹ ಬೆಳೆಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಆದುದರಿಂದ ಕನ್ನಡದ ಬೈಬಲ್ಲುಗಳನ್ನು, ಹಳೆಯದಿರಲಿ ಹೊಸದಿರಲಿ, ಮುಂದೆ ಅಚ್ಚು ಹಾಕುವವರು ಮೊದಲ ಹಾಳೆಗಳಲ್ಲಿ ನಾಲ್ಕು ಪುಟಗಳ ಚರಿತ್ರೆಯನ್ನು ತಪ್ಪದೆ ಸೇರಿಸಬೇಕು: 1810ರ ಬಳ್ಳಾರಿ, ಶ್ರೀರಾಮಪುರದ ಬೆಂಕಿ, 1831, ವೈಗ್ಲೆಯ ಪರಿಶ್ರಮ, ಆ ಮೇಲಿನ ಪರಿಷ್ಕರಣಗಳು, ಮತ್ತು ಮಿಷನರಿಗಳ ಪಕ್ಕದಲ್ಲಿ ಕುಳಿತು ಇದು ಕನ್ನಡವಲ್ಲ, ಹೀಗೆ ಹೇಳಿ ಎಂದು ತಿದ್ದಿಕೊಟ್ಟ ಮುನ್ಷಿಗಳಲ್ಲಿ ಯಾರ ಯಾರ ಹೆಸರುಗಳು ಮಿಷನ್ನುಗಳ ಕಾಗದಪತ್ರಗಳಲ್ಲಿ ದೊರೆಯುತ್ತವೆಯೋ ಅವರೆಲ್ಲರ ಹೆಸರುಗಳು.